ಸೂಪರ್‌ಮ್ಯಾನ್ ಯಾರ ಸ್ವತ್ತು? ಕಾಮಿಕ್ಸ್ ಸಿನಿಮಾಗಳ ಹಿಂದಿರುವ ಕರಾರುಪತ್ರಗಳ ಕಥೆ

2025ರ ಜುಲೈ 11ರಂದು ಹೊಸ ಸೂಪರ್‌ಮ್ಯಾನ್ ಸಿನಿಮಾ ತೆರೆಗೆ ಬಂತು. ಅದಕ್ಕೆ ಐದಾರು ತಿಂಗಳು ಮೊದಲು, ಜನವರಿ ಕೊನೆಯಲ್ಲಿ, ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಒಂದು ದಾವೆ ಬಿದ್ದಿತ್ತು. ಸೂಪರ್‌ಮ್ಯಾನ್‌ನನ್ನು ಮೊದಲು ಚಿತ್ರಿಸಿದ ಜೋ ಶುಸ್ಟರ್ ಅವರ ವಾರಸುದಾರರ ಪರವಾಗಿ ಹೂಡಿದ ದಾವೆ ಅದು. ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾದಲ್ಲಿ ಈ ಸಿನಿಮಾ ತೋರಿಸುವ ಹಕ್ಕೇ ಅದನ್ನು ತೆಗೆದ ವಾರ್ನರ್ ಬ್ರದರ್ಸ್ ಸ್ಟುಡಿಯೋಗೆ ಇಲ್ಲ ಅನ್ನೋದು ಅವರ ವಾದ. ಇದು ವಿದೇಶಿ ಕಾನೂನಿನ ವಿಷಯ, ಇದನ್ನು ಕೇಳುವ ಅಧಿಕಾರ ಈ ಕೋರ್ಟಿಗಿಲ್ಲ ಎಂದು ಏಪ್ರಿಲ್‌ನಲ್ಲಿ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ವಾರಸುದಾರರು ನ್ಯೂಯಾರ್ಕ್ ರಾಜ್ಯದ ಕೋರ್ಟಿನ ಮೆಟ್ಟಿಲು ಹತ್ತಿದರು. ಸಿನಿಮಾ ಮಾತ್ರ ಹೇಳಿದ ದಿನವೇ ಬಿಡುಗಡೆಯಾಗಿ, ಜಗತ್ತಿನಾದ್ಯಂತ 60 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು.

ಸುದ್ದಿ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. 1938ರ ಪಾತ್ರದ ಬಗ್ಗೆ 2025ರಲ್ಲಿ ಜಗಳ ಯಾಕೆ? ಅಮೆರಿಕದಲ್ಲಿ ಇರುವ ಹಕ್ಕು ಬ್ರಿಟನ್‌ನಲ್ಲಿ ಯಾಕಿಲ್ಲ? ಇದರ ಪಕ್ಕದಲ್ಲೇ ಹಳೆಯ ಗೊಂದಲಗಳೂ ಇವೆ. ಸ್ಪೈಡರ್‌ಮ್ಯಾನ್ ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಯವನು, ಆದರೆ ಸಿನಿಮಾ ಸೋನಿ ಸ್ಟುಡಿಯೋದು. ಹಲ್ಕ್ ಎಲ್ಲರ ಸಿನಿಮಾದಲ್ಲೂ ಬರುತ್ತಾನೆ, ಅವನದೇ ಅಂತ ಒಂದು ಸಿನಿಮಾ 2008ರ ನಂತರ ಬಂದಿಲ್ಲ.

ನಾವು ಅಭಿಮಾನಿಗಳು ಜಗಳವಾಡುವುದು ಬೇರೆ ವಿಷಯಕ್ಕೆ. ವೇಷದ ಬಣ್ಣ ಸರಿಯಿಲ್ಲ, ಬ್ಯಾಟ್‌ಮ್ಯಾನ್ ಕೊಲ್ಲಬಾರದಿತ್ತು, ಕಾಮಿಕ್ಸ್‌ನಲ್ಲಿ ಇದ್ದ ಹಾಗೆ ತೆಗೆದಿಲ್ಲ. ಬೈಗುಳವೆಲ್ಲ ನಿರ್ದೇಶಕರ ಪಾಲಿಗೆ. ಆದರೆ ಕಥೆಯಲ್ಲಿ ಯಾರು ಬರಬೇಕು, ಯಾರ ಪಕ್ಕ ಯಾರು ನಿಲ್ಲಬೇಕು, ಸಿನಿಮಾ ಯಾವ ವರ್ಷದೊಳಗೆ ಬರಲೇಬೇಕು ಅನ್ನೋದು ಎಷ್ಟೋ ಸಲ ಚಿತ್ರಕಥೆ ಬರೆಯುವವರು ಪೆನ್ನು ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವುದು ಹಳೆಯ ಕರಾರುಪತ್ರಗಳು.

412 ಡಾಲರ್‌ನ ಚೆಕ್ಕು

1938ರ ಮಾರ್ಚ್‌ನಲ್ಲಿ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಹುಡುಗರಿಗೆ ಪ್ರಕಾಶಕರು (ಮುಂದೆ ಡಿಸಿ ಕಾಮಿಕ್ಸ್ ಆದ ಕಂಪನಿ) ಒಂದು ಚೆಕ್ಕು ಕೊಟ್ಟರು. ಮೊತ್ತ 412 ಡಾಲರ್. ಅದರಲ್ಲಿ ಬಹುಪಾಲು ಬೇರೆ ಕಥೆಗಳ ಸಂಭಾವನೆ. ಸೂಪರ್‌ಮ್ಯಾನ್ ಸಾಲಿನ ಮುಂದೆ ಬರೆದಿದ್ದ ಮೊತ್ತ 130 ಡಾಲರ್. ಹದಿಮೂರು ಪುಟದ ಕಥೆ, ಪುಟಕ್ಕೆ ಹತ್ತು ಡಾಲರ್. ಆ ಹಣದ ಜೊತೆಗೇ ಪಾತ್ರದ ಸಂಪೂರ್ಣ ಹಕ್ಕೂ ಪ್ರಕಾಶಕರ ಕೈಗೆ ಹೋಯಿತು. ಚೆಕ್ಕಿನಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ಹಾಗಾಗಿ ಹಿಂಬದಿಯಲ್ಲಿ ತಪ್ಪು ಹೆಸರಿಗೊಂದು, ಸರಿಯಾದ ಹೆಸರಿಗೊಂದು ಅಂತ ಎರಡೆರಡು ಸಹಿ ಹಾಕಬೇಕಾಯಿತು. ಇದೇ ಚೆಕ್ಕು 2012ರಲ್ಲಿ ಹರಾಜಿಗೆ ಬಂದಾಗ 1.6 ಲಕ್ಷ ಡಾಲರ್‌ಗೆ ಹೋಯಿತು. ಅದನ್ನು ಪಡೆದವರಿಗೆ ಜೀವಮಾನದಲ್ಲಿ ಸಿಕ್ಕ ಮರ್ಯಾದೆಗಿಂತ ಆ ಕಾಗದಕ್ಕೇ ಜಾಸ್ತಿ ಮರ್ಯಾದೆ ಸಿಕ್ಕಿತು ಅನ್ನಬಹುದು.

ಆ ವರ್ಷದ ಜೂನ್ ಸಂಚಿಕೆಯಾಗಿ ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಪುಸ್ತಕ ಬಂತು. ಸೂಪರ್‌ಮ್ಯಾನ್ ಬೆಂಕಿಯಂತೆ ಹಬ್ಬಿದ. 1947ರಲ್ಲಿ ಇಬ್ಬರೂ ಹಕ್ಕು ವಾಪಸ್ ಕೇಳಿ ಕೋರ್ಟಿಗೆ ಹೋದರು, ಸುಮಾರು 94 ಸಾವಿರ ಡಾಲರ್‌ಗೆ ರಾಜಿಯಾಯಿತು. ಕೆಲಸವೂ ಹೋಯಿತು, ಪುಸ್ತಕದಿಂದ ಹೆಸರೂ ಹೋಯಿತು. 1975ರಲ್ಲಿ ಸೂಪರ್‌ಮ್ಯಾನ್ ದೊಡ್ಡ ಬಜೆಟ್ಟಿನ ಸಿನಿಮಾ ಆಗಲಿದೆ ಎಂಬ ಸುದ್ದಿ ಬಂದಾಗ ಸೀಗೆಲ್ ಲಾಸ್ ಏಂಜಲೀಸ್‌ನಲ್ಲಿ ಗುಮಾಸ್ತರಾಗಿದ್ದರು, ಶುಸ್ಟರ್‌ಗೆ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಸೀಗೆಲ್ ಪತ್ರಿಕೆಗಳಿಗೆ ಉದ್ದನೆಯ ಪತ್ರ ಬರೆದು ಆ ಸಿನಿಮಾಕ್ಕೆ ಶಾಪ ಹಾಕಿದರು. ಪತ್ರಿಕೆಗಳು ಈ ಕಥೆಯನ್ನು ಎತ್ತಿಕೊಂಡವು. ಸಿನಿಮಾ ಬರುವ ಹೊತ್ತಿಗೆ ಇದು ಕಳಂಕ ಆಗಬಾರದು ಅಂತ, ಅಷ್ಟರಲ್ಲಿ ಡಿಸಿಯ ಒಡೆತನ ಪಡೆದಿದ್ದ ವಾರ್ನರ್ ಇಬ್ಬರಿಗೂ ವರ್ಷಕ್ಕೆ 20 ಸಾವಿರ ಡಾಲರ್ ಪಿಂಚಣಿ ಕೊಟ್ಟು, ಸೃಷ್ಟಿಕರ್ತರು ಎಂದು ಹೆಸರು ಹಾಕಲು ಒಪ್ಪಿತು. ಕಾನೂನು ಕೊಡಿಸದ್ದನ್ನು ಸಿನಿಮಾ ಬಿಡುಗಡೆಯ ಭಯ ಕೊಡಿಸಿತು. ಮುಂದೆಯೂ ಇದೇ ನಡೆಯುತ್ತಾ ಬಂದಿದೆ, ನೋಡಿ: ದಾವೆಗಳೆಲ್ಲ ದೊಡ್ಡ ಸಿನಿಮಾದ ಮುಂಚೆಯೇ ಎದ್ದು ಕೂರುತ್ತವೆ. ಆಗಲೇ ಕಂಪನಿಗೆ ಅವಸರ, ಆಗಲೇ ಕೇಳುವವರಿಗೆ ಬಲ.

ಕಾನೂನು ಕೊಟ್ಟ ಎರಡನೇ ಅವಕಾಶ

ಅಮೆರಿಕದ 1976ರ ಕಾಪಿರೈಟ್ ಕಾಯ್ದೆ ಹಳೆಯ ಮಾರಾಟಗಳಿಗೆ ಒಂದು ಕಿಂಡಿ ತೆರೆಯಿತು. ಕೃತಿ ಹುಟ್ಟಿ 56 ವರ್ಷ ಆದಮೇಲೆ ಲೇಖಕರು ಅಥವಾ ಅವರ ವಾರಸುದಾರರು ನೋಟಿಸ್ ಕೊಟ್ಟು ಹಕ್ಕು ವಾಪಸ್ ಪಡೆಯಬಹುದು. ಒಂದು ಷರತ್ತು: ಅದು ಕಂಪನಿ ಹೇಳಿ ಮಾಡಿಸಿದ ಕೂಲಿ ಕೆಲಸ ಆಗಿರಬಾರದು. ಕಾಮಿಕ್ಸ್ ಲೋಕದ ಮುಖ್ಯ ಕೇಸುಗಳೆಲ್ಲ ಈ ಒಂದು ಷರತ್ತಿನ ಸುತ್ತಲೇ ತಿರುಗಿವೆ.

ಸೂಪರ್‌ಮ್ಯಾನ್ ಇಲ್ಲಿ ಗಟ್ಟಿ. ಪ್ರಕಾಶಕರು ಕೇಳುವ ಎಷ್ಟೋ ಮೊದಲೇ ಇಬ್ಬರೂ ಅವನನ್ನು ಬರೆದು, ಚಿತ್ರಿಸಿ, ಪತ್ರಿಕೆಗಳ ಬಾಗಿಲು ಅಲೆದಿದ್ದರು. ಹಾಗಾಗಿ 2008ರಲ್ಲಿ ಸೀಗೆಲ್ ಕುಟುಂಬ ಗೆದ್ದಿತು. ಆದರೆ 2013ರಲ್ಲಿ ಮೇಲಿನ ಕೋರ್ಟು ಬೇರೆ ಕಾರಣ ಹಿಡಿಯಿತು. 2001ರಲ್ಲೇ ಕುಟುಂಬ ಕಂಪನಿಯ ಜೊತೆ ರಾಜಿಗೆ ಒಪ್ಪಿದೆ, ಆ ಒಪ್ಪಿಗೆ ಬದ್ಧ ಎಂದಿತು. ಶುಸ್ಟರ್ ಕುಟುಂಬದ ಕಥೆಯೂ ಅಷ್ಟೇ. 1992ರಲ್ಲಿ ಅವರ ಸಾವಿನ ನಂತರ ತಂಗಿ ವರ್ಷಕ್ಕೆ 25 ಸಾವಿರ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆ ಸಹಿಯೇ ಅಡ್ಡ ಬಂತು.

ಮಾರ್ವೆಲ್ ಕಡೆ ಇದು ಇನ್ನೂ ಕಷ್ಟ. ಜಾಕ್ ಕರ್ಬಿ ಅವರಂಥ ಚಿತ್ರಕಾರರು ಪುಟದ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದರು. ಅದು ಕಂಪನಿ ಹೇಳಿ, ಕಂಪನಿಯ ಖರ್ಚಿನಲ್ಲೇ ಮಾಡಿಸಿದ ಕೆಲಸ ಎಂದು 2013ರಲ್ಲಿ ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿತು. ಕರ್ಬಿ ಕುಟುಂಬ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಅರ್ಜಿಯನ್ನು ನ್ಯಾಯಾಧೀಶರು ಕೈಗೆತ್ತಿಕೊಳ್ಳುವ ಕೆಲವೇ ದಿನ ಮುಂಚೆ, 2014ರ ಸೆಪ್ಟೆಂಬರ್‌ನಲ್ಲಿ, ರಾಜಿ ಆಯಿತು. ಗೆದ್ದ ಮಾರ್ವೆಲ್‌ನವರೇ ರಾಜಿಗೆ ಬಂದರು ಅಂದರೆ ಆ ಗೆಲುವಿನ ಮೇಲೆ ಅವರಿಗೆ ಎಷ್ಟು ನಂಬಿಕೆ ಇತ್ತು ಅಂತ ನೀವೇ ಊಹಿಸಿ.

ಈಗ 2025ರ ದಾವೆಗೆ ಬರೋಣ. ಅಮೆರಿಕದ ಬಾಗಿಲು ಮುಚ್ಚಿದ್ದರಿಂದ ವಾರಸುದಾರರು ಬ್ರಿಟನ್‌ನ 1911ರ ಕಾಪಿರೈಟ್ ಕಾಯ್ದೆಯನ್ನು ಹಿಡಿದರು. ಲೇಖಕ ಬದುಕಿದ್ದಾಗ ಹಕ್ಕು ಮಾರಿದ್ದರೂ, ಅವನು ಸತ್ತ 25 ವರ್ಷಕ್ಕೆ ಅದು ತಾನಾಗಿ ವಾರಸುದಾರರಿಗೆ ಮರಳುತ್ತದೆ ಅನ್ನುತ್ತದೆ ಆ ಕಾಯ್ದೆ. ಇದನ್ನು ಡಿಕನ್ಸ್ ನಿಯಮ ಅಂತ ಕರೆಯುತ್ತಾರೆ. ಆಗಿನ ಬ್ರಿಟಿಷ್ ಸಾಮ್ರಾಜ್ಯದ ಬಹಳಷ್ಟು ದೇಶಗಳಿಗೆ ಅದು ಹರಡಿತ್ತು. ಶುಸ್ಟರ್ ಸತ್ತದ್ದು 1992ರಲ್ಲಿ. 25 ಕೂಡಿಸಿದರೆ 2017. ಅಂದಿನಿಂದ ಈ ದೇಶಗಳಲ್ಲಿ ಅವರ ಪಾಲು ನಮ್ಮದು, ಜಂಟಿ ಮಾಲೀಕರ ಒಪ್ಪಿಗೆ ಇಲ್ಲದೆ ಅಲ್ಲಿ ಸಿನಿಮಾ ತೋರಿಸುವ ಹಾಗಿಲ್ಲ ಅನ್ನೋದು ವಾರಸುದಾರರ ಲೆಕ್ಕ. ಕೆನಡಾಕ್ಕೆ ಮಾತ್ರ ಅವರು 2021 ಎಂಬ ಬೇರೆ ವರ್ಷ ಹೇಳಿದ್ದಾರೆ. 1992ರ ಒಪ್ಪಂದದಲ್ಲೇ ಎಲ್ಲ ದೇಶದ ಹಕ್ಕೂ ಬಂತು ಅನ್ನೋದು ಕಂಪನಿಯ ಉತ್ತರ.

ಮಾರ್ವೆಲ್ ಮನೆ ಪಾಲಾದದ್ದು

ಡಿಸಿ ಕಾಮಿಕ್ಸ್ 1960ರ ದಶಕದ ಕೊನೆಯಿಂದಲೂ ವಾರ್ನರ್ ತೆಕ್ಕೆಯಲ್ಲೇ ಇದೆ. ಹಾಗಾಗಿ ಅಲ್ಲಿಯ ಜಗಳ ಸೃಷ್ಟಿಕರ್ತರಿಗೂ ಕಂಪನಿಗೂ. ಮಾರ್ವೆಲ್‌ನಲ್ಲಿ ಸ್ಟುಡಿಯೋಗಳ ನಡುವಿನ ಜಗಳವೂ ಸೇರಿಕೊಂಡಿತು.

1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಅದಕ್ಕೂ ಮೊದಲೇ ಅದರ ಸೂಪರ್‌ಹೀರೋ ತಂಡಗಳಾದ ಫೆಂಟಾಸ್ಟಿಕ್ ಫೋರ್‌ನ ಸಿನಿಮಾ ಹಕ್ಕು ಒಬ್ಬ ಜರ್ಮನ್ ನಿರ್ಮಾಪಕರ ಕೈಗೆ, ಎಕ್ಸ್-ಮೆನ್ ಹಕ್ಕು ಫಾಕ್ಸ್ ಸ್ಟುಡಿಯೋ ಕೈಗೆ ಹೋಗಿದ್ದವು. 1999ರಲ್ಲಿ ಸ್ಪೈಡರ್‌ಮ್ಯಾನ್ ಸೋನಿಗೆ ಹೋದ. ಅಣ್ಣತಮ್ಮಂದಿರು ಒಂದೇ ಮನೆಯನ್ನು ಪಾಲು ಮಾಡಿಕೊಂಡು, ಪಡಸಾಲೆ ಒಬ್ಬನಿಗೆ, ಅಡುಗೆಮನೆ ಇನ್ನೊಬ್ಬನಿಗೆ, ಬಾವಿಗೆ ಇಬ್ಬರೂ ಅಂತ ಬರೆದುಕೊಂಡ ಹಾಗೆ ಆಯಿತು. ಕಾಮಿಕ್ಸ್ ಪುಟದಲ್ಲಿ ಒಂದೇ ಊರಿನಲ್ಲಿ ಇದ್ದವರು ಸಿನಿಮಾದಲ್ಲಿ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ.

ಹಲ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ಹೆಸರಿನ ಸಿನಿಮಾ ಬಂದರೆ ಅದರ ವಿತರಣೆಯ ಹಕ್ಕು ಯೂನಿವರ್ಸಲ್‌ಗೆ ಸೇರುತ್ತಿತ್ತು. ಬೇರೆಯವರ ಸಿನಿಮಾದಲ್ಲಿ ಬಂದರೆ ಆ ತಕರಾರಿಲ್ಲ. ಅದಕ್ಕೇ ಅವನು ಸದಾ ನೆಂಟ.

ದೊಡ್ಡ ಹೆಸರುಗಳೆಲ್ಲ ಹೋದಮೇಲೆ ಮಾರ್ವೆಲ್ ಹತ್ತಿರ ಉಳಿದದ್ದು ಆಗ ಎರಡನೇ ಸಾಲಿನವು ಅನ್ನಿಸಿಕೊಂಡಿದ್ದ ಪಾತ್ರಗಳು. 2005ರಲ್ಲಿ ಕ್ಯಾಪ್ಟನ್ ಅಮೆರಿಕಾ, ಬ್ಲ್ಯಾಕ್ ಪ್ಯಾಂಥರ್ ಸೇರಿದಂತೆ ಹತ್ತು ಸಿನಿಮಾ ಹಕ್ಕುಗಳನ್ನು ಅಡವಿಟ್ಟು 52.5 ಕೋಟಿ ಡಾಲರ್ ಸಾಲಕ್ಕೆ ಏರ್ಪಾಟು ಮಾಡಿಕೊಂಡಿತು. ಸ್ವಂತವಾಗಿ ಸಿನಿಮಾ ತೆಗೆಯಲು ಇಳಿಯಿತು. ಬೇರೆ ಸ್ಟುಡಿಯೋದಿಂದ ವಾಪಸ್ ಬಂದ ಐರನ್ ಮ್ಯಾನ್‌ನಿಂದ 2008ರಲ್ಲಿ ಶುರು ಮಾಡಿತು. ಮರುವರ್ಷ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಇಡೀ ಕಂಪನಿಯನ್ನೇ ಕೊಳ್ಳುವುದಾಗಿ ಘೋಷಿಸಿತು. ಐರನ್ ಮ್ಯಾನ್ ಆ ಸಿನಿಮಾ ಲೋಕದ ನಡುಗಂಬ ಆದದ್ದಕ್ಕೆ ಕಲೆಯ ಕಾರಣ ಎಷ್ಟಿದೆಯೋ, ಸ್ಪೈಡರ್‌ಮ್ಯಾನ್ ಮನೆಯಲ್ಲಿ ಇರಲಿಲ್ಲ ಅನ್ನೋ ಕಾರಣವೂ ಅಷ್ಟೇ ಇದೆ.

ದೊಡ್ಡ ಯುದ್ಧ ಹನ್ನೆರಡು ಜನಕ್ಕೆ ಇಳಿದದ್ದು

ಸಿವಿಲ್ ವಾರ್ ಕಾಮಿಕ್ಸ್ ಓದಿದವರು 2016ರ ಸಿನಿಮಾ ನೋಡಿ ಮೂಗು ಮುರಿದದ್ದು ನೆನಪಿರಬಹುದು. 2006ರಲ್ಲಿ ಶುರುವಾದ ಆ ಕಥೆಯಲ್ಲಿ ಮಾರ್ವೆಲ್ ಲೋಕಕ್ಕೆ ಲೋಕವೇ ಎರಡು ಪಾಲಾಗುತ್ತದೆ. ಸೂಪರ್‌ಹೀರೋಗಳೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಎಂಬ ಕಾನೂನು ಬರುತ್ತದೆ. ಕಥೆಯ ದೊಡ್ಡ ಏಟು ಬೀಳುವುದು ಸ್ಪೈಡರ್‌ಮ್ಯಾನ್‌ನಿಂದ. ಪತ್ರಕರ್ತರ ಮುಂದೆ, ಕ್ಯಾಮೆರಾಗಳ ಎದುರು, ಅವನು ಮುಖವಾಡ ತೆಗೆದು ತನ್ನ ನಿಜವಾದ ಹೆಸರು ಹೇಳುತ್ತಾನೆ. ವರ್ಷಗಟ್ಟಲೆ ಮುಚ್ಚಿಟ್ಟ ಗುಟ್ಟು ಒಂದು ಪುಟದಲ್ಲಿ ಬಯಲಾಗುತ್ತದೆ. ಇನ್ನೊಂದು ಕಡೆ ಫೆಂಟಾಸ್ಟಿಕ್ ಫೋರ್ ಸಂಸಾರ ಒಡೆಯುತ್ತದೆ: ಗಂಡ ಕಾನೂನಿನ ಪರ ನಿಂತ ಐರನ್ ಮ್ಯಾನ್ ಪಕ್ಷ, ಹೆಂಡತಿ ಎದುರು ಪಕ್ಷ.

ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. ಆ ಹೊತ್ತಿಗೆ ಫೆಂಟಾಸ್ಟಿಕ್ ಫೋರ್ ಕೂಡ ಫಾಕ್ಸ್ ಹತ್ತಿರ ಇತ್ತು, ಹೆಸರು ಎತ್ತುವಂತಿರಲಿಲ್ಲ. ಸ್ಪೈಡರ್‌ಮ್ಯಾನ್‌ನನ್ನು ಬಳಸಲು ಸೋನಿ ಜೊತೆ ಒಪ್ಪಂದ ಆದದ್ದೇ 2015ರ ಫೆಬ್ರವರಿಯಲ್ಲಿ. ತೆರೆಯ ಮೇಲೆ ಆಗಷ್ಟೇ ಕಾಲಿಟ್ಟ ಹುಡುಗ ಮುಖವಾಡ ತೆಗೆದರೆ ಯಾರಿಗೆ ಆಘಾತ? ಹಾಗಾಗಿ ಬರಹಗಾರರು ಕಾನೂನಿನ ಜಗಳವನ್ನು ಕ್ಯಾಪ್ಟನ್ ಅಮೆರಿಕಾ, ಐರನ್ ಮ್ಯಾನ್ ಎಂಬ ಇಬ್ಬರು ಗೆಳೆಯರ ಜಗಳ ಮಾಡಿದರು. ವಿಮಾನ ನಿಲ್ದಾಣದ ಹೊಡೆದಾಟದಲ್ಲಿ ಆ ಕಡೆ ಆರು, ಈ ಕಡೆ ಆರು. ನನ್ನ ಮಟ್ಟಿಗೆ ಸಿನಿಮಾ ಕಾಮಿಕ್ಸ್‌ಗಿಂತ ಗಟ್ಟಿಯಾಗಿ ಬಂದಿದೆ. ಕೈ ಕಟ್ಟಿದ್ದೇ ಒಳ್ಳೆಯದಾಯಿತು. ಆದರೆ ಅದನ್ನು ಕಾಮಿಕ್ಸ್‌ಗೆ ಮಾಡಿದ ದ್ರೋಹ ಅನ್ನುವವರು ಈ ಕರಾರುಗಳನ್ನೂ ಎದುರಿಗೆ ಇಟ್ಟುಕೊಂಡು ಮಾತಾಡಬೇಕು.

ಇದು ತಿರುಗಿ ಕಾಮಿಕ್ಸ್‌ಗೂ ತಟ್ಟುತ್ತದೆ. ಕ್ವಿಕ್‌ಸಿಲ್ವರ್ ಮತ್ತು ವಾಂಡಾ ಎಂಬ ಅಣ್ಣತಂಗಿಯರು ಎಕ್ಸ್-ಮೆನ್ ಪಾಲಿಗೂ ಸೇರಿದವರು, ಅವೆಂಜರ್ಸ್ ಪಾಲಿಗೂ ಸೇರಿದವರು. 2014ರಲ್ಲಿ ಫಾಕ್ಸ್ ಸಿನಿಮಾದಲ್ಲಿ ಒಬ್ಬ ಕ್ವಿಕ್‌ಸಿಲ್ವರ್ ಬಂದ, 2015ರಲ್ಲಿ ಮಾರ್ವೆಲ್ ಸಿನಿಮಾದಲ್ಲಿ ಇನ್ನೊಬ್ಬ. ಮಾರ್ವೆಲ್‌ನವರು ಮ್ಯೂಟಂಟ್ (ಎಕ್ಸ್-ಮೆನ್ ಕಥೆಗಳಲ್ಲಿ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರು) ಅನ್ನೋ ಮಾತು ಆಡುವಂತಿರಲಿಲ್ಲ. ಅದೇ ಹೊತ್ತಿನಲ್ಲಿ ಕಾಮಿಕ್ಸ್‌ನಲ್ಲಿಯೂ, ಅಲ್ಲಿಯವರೆಗೆ ತಂದೆ ಎನಿಸಿಕೊಂಡಿದ್ದ ಎಕ್ಸ್-ಮೆನ್ ಪಾಲಿನ ಮ್ಯಾಗ್ನೆಟೋ ಇವರ ತಂದೆಯೇ ಅಲ್ಲ ಎಂದು ಕಥೆ ತಿರುಗಿಸಿದರು. ಫೆಂಟಾಸ್ಟಿಕ್ ಫೋರ್ ಪತ್ರಿಕೆ 2015ರಲ್ಲಿ ನಿಂತಿತು. ಡಿಸ್ನಿ ಫಾಕ್ಸ್‌ನ್ನು ಕೊಳ್ಳುವ ಸುದ್ದಿ 2017ರ ಡಿಸೆಂಬರ್‌ನಲ್ಲಿ ಬಂತು, ಪತ್ರಿಕೆ 2018ರ ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ಅಭಿಮಾನಿಗಳು ಎರಡನ್ನೂ ಜೋಡಿಸಿ ನೋಡಿದ್ದು ಸಹಜ ಅಲ್ವಾ?

ಗಡುವಿಗೆ ಹುಟ್ಟುವ ಸಿನಿಮಾ

ಬಾಡಿಗೆ ಹಕ್ಕಿಗೆ ಗಡುವು ಇರುತ್ತದೆ. ಇಷ್ಟು ವರ್ಷದೊಳಗೆ ಸಿನಿಮಾ ತೆಗೆಯದಿದ್ದರೆ ಪಾತ್ರ ಮೂಲ ಮಾಲೀಕರಿಗೆ ವಾಪಸ್. ಸೋನಿಯ ಕರಾರು 2014ರ ಹ್ಯಾಕಿಂಗ್ ನಂತರ ಬಹಿರಂಗವಾಯಿತು. ಒಂದು ಸ್ಪೈಡರ್‌ಮ್ಯಾನ್ ಸಿನಿಮಾ ಬಂದ 3 ವರ್ಷ 9 ತಿಂಗಳೊಳಗೆ ಮುಂದಿನದರ ಚಿತ್ರೀಕರಣ ಶುರುವಾಗಬೇಕು, 5 ವರ್ಷ 9 ತಿಂಗಳೊಳಗೆ ಬಿಡುಗಡೆ ಆಗಬೇಕು. 2007ರ ಮೇನಲ್ಲಿ ಮೂರನೇ ಸಿನಿಮಾ ಬಂತು. ನಾಲ್ಕನೆಯದು ಕೈಬಿಟ್ಟಿತು. 2012ರ ಜುಲೈನಲ್ಲಿ ಹೊಸ ನಟ, ಹೊಸ ಆರಂಭ. ಇಷ್ಟು ಬೇಗ ಮತ್ತೆ ಮೊದಲಿಂದ ಯಾಕೆ ಅಂತ ಎಲ್ಲರೂ ಕೇಳಿದರು. ಕ್ಯಾಲೆಂಡರ್ ಮುಂದಿಟ್ಟುಕೊಂಡರೆ ಉತ್ತರ ಅಲ್ಲೇ ಇದೆ.

ಇದರ ಅತಿರೇಕ ನೋಡಬೇಕೆಂದರೆ ಫೆಂಟಾಸ್ಟಿಕ್ ಫೋರ್‌ನ ಮೊದಲ ಸಿನಿಮಾ ನೋಡಬೇಕು. ಚಿತ್ರಮಂದಿರದಲ್ಲಿ ನೋಡಲು ಸಿಗಲೇ ಇಲ್ಲ, ಅದು ಬೇರೆ ಮಾತು. 1992ರ ಕೊನೆಗೆ ಹಕ್ಕಿನ ಅವಧಿ ಮುಗಿಯುತ್ತಿತ್ತು. ಅದೇ ಡಿಸೆಂಬರ್‌ನ ಕೊನೆಯ ವಾರದಲ್ಲಿ ಸುಮಾರು 10 ಲಕ್ಷ ಡಾಲರ್‌ನ ಪುಡಿಗಾಸಿನಲ್ಲಿ ಚಿತ್ರೀಕರಣ ಶುರುವಾಯಿತು. ನಟರು ತಾವೇ ಓಡಾಡಿ ಪ್ರಚಾರ ಮಾಡಿದರು. ಸಿನಿಮಾ ಬಿಡುಗಡೆಯೇ ಆಗಲಿಲ್ಲ. ಹಕ್ಕು ಉಳಿಸಿಕೊಳ್ಳಲೆಂದೇ ತೆಗೆದದ್ದು ಅನ್ನೋ ಮಾತು ಇಂದಿಗೂ ನಿಂತಿಲ್ಲ. ಕಳ್ಳ ಪ್ರತಿಗಳಲ್ಲಿ ಮಾತ್ರ ಅದು ಅಭಿಮಾನಿಗಳ ನಡುವೆ ಓಡಾಡಿತು.

ಸೋನಿ 2022ರಿಂದ 2024ರ ನಡುವೆ ತೆಗೆದ ಮಾರ್ಬಿಯಸ್, ಮೇಡಂ ವೆಬ್, ಕ್ರೇವನ್ ಸಿನಿಮಾಗಳಲ್ಲಿ ಸ್ಪೈಡರ್‌ಮ್ಯಾನ್ ಲೋಕದ ಅಕ್ಕಪಕ್ಕದವರೆಲ್ಲ ಇದ್ದರು, ಅವನೊಬ್ಬನನ್ನು ಬಿಟ್ಟು. ಮೂರೂ ಬಿದ್ದವು. ಕೈಯಲ್ಲಿ ಹಕ್ಕಿದೆ, ಸುಮ್ನೆ ಯಾಕಿರಬೇಕು ಅನ್ನೋ ಲೆಕ್ಕಾಚಾರಕ್ಕೆ ಕಥೆ ಸಿಗಲಿಲ್ಲ.

ಒಂದು ಹೆಸರು, ಇಬ್ಬರು ಹೀರೋಗಳು

ಕಾಪಿರೈಟ್ ಕಾಯುವುದು ಕಥೆಯನ್ನು, ಚಿತ್ರವನ್ನು. ಟ್ರೇಡ್‌ಮಾರ್ಕ್ ಕಾಯುವುದು ಅಂಗಡಿಯಲ್ಲಿ ಗುರುತು ಹಿಡಿಯುವ ಹೆಸರನ್ನು, ಲಾಂಛನವನ್ನು. ಎರಡೂ ಬೇರೆ ಬೇರೆಯವರ ಕೈಗೆ ಹೋದರೆ ಏನಾಗುತ್ತದೆ ಅನ್ನೋದಕ್ಕೆ 2019ರ ವಸಂತವೇ ಸಾಕ್ಷಿ. ಮಾರ್ಚ್‌ನಲ್ಲಿ ಮಾರ್ವೆಲ್‌ನ ಕ್ಯಾಪ್ಟನ್ ಮಾರ್ವೆಲ್ ಬಂತು. ಏಪ್ರಿಲ್‌ನಲ್ಲಿ ಡಿಸಿಯ ಶಝಾಮ್ ಬಂತು. ಹಳೆಯ ಓದುಗರಿಗೆ ಕ್ಯಾಪ್ಟನ್ ಮಾರ್ವೆಲ್ ಅಂದರೆ ಈ ಎರಡನೆಯವನೇ!

ಫಾಸೆಟ್ ಎಂಬ ಪ್ರಕಾಶಕರು ಅವನನ್ನು ಆ ಹೆಸರಿನಲ್ಲೇ ತಂದಿದ್ದರು. ಇವನು ಸೂಪರ್‌ಮ್ಯಾನ್‌ನ ನಕಲು ಎಂದು ಡಿಸಿ ವರ್ಷಗಟ್ಟಲೆ ಕೇಸು ನಡೆಸಿತು, 1953ರಲ್ಲಿ ಫಾಸೆಟ್ ರಾಜಿ ಮಾಡಿಕೊಂಡು ಕಾಮಿಕ್ಸ್ ಅಂಗಡಿ ಮುಚ್ಚಿತು. ಹೆಸರು ಖಾಲಿ ಬಿದ್ದಿತ್ತು, 1967ರಲ್ಲಿ ಮಾರ್ವೆಲ್ ಎತ್ತಿಕೊಂಡಿತು. 1972ರಲ್ಲಿ ಡಿಸಿ ಅದೇ ಹಳೆಯ ಪಾತ್ರವನ್ನು ಬಾಡಿಗೆಗೆ ತಂದಾಗ ಪಾತ್ರ ಸಿಕ್ಕಿತು, ಮುಖಪುಟದ ಮೇಲೆ ಅವನ ಹೆಸರು ಹಾಕುವ ಹಕ್ಕು ಸಿಗಲಿಲ್ಲ. ತಾನೇ ಕೇಸು ಹಾಕಿ ಮುಗಿಸಿದವನನ್ನು ತಾನೇ ತಂದು ಸಾಕುವ ಕಂಪನಿ, ಕೊನೆಗೆ ಹೆಸರಿಲ್ಲದ ಹೀರೋ. ಕಾಮಿಕ್ಸ್ ಬರೆಯುವವರಿಗೂ ಇಂಥ ಕಥೆ ಹೊಳೆಯುವುದು ಕಷ್ಟ.

ಎರಡೂ ಕಡೆಯ ವಾದ

ಕಂಪನಿಗಳ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 130 ಡಾಲರ್ ಕೊಟ್ಟಾಗ ಇದು ಓಡುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಓಡದೆ ಸತ್ತ ಪಾತ್ರಗಳ ನಷ್ಟ ಹೊತ್ತವರೂ ಅವರೇ. ದಶಕಗಳ ಕಾಲ ನೂರಾರು ಬರಹಗಾರರು, ಕಲಾವಿದರು ಸೇರಿ ಪಾತ್ರವನ್ನು ಬೆಳೆಸಿದ್ದಾರೆ. ಮೊದಲ ಇಬ್ಬರಿಗೆ ಎಲ್ಲವೂ ಸೇರಬೇಕು ಅನ್ನೋದು ನ್ಯಾಯವೇ? ಹಕ್ಕು ಹತ್ತು ಕಡೆ ಹಂಚಿಹೋದರೆ ಸಿನಿಮಾಕ್ಕೆ ಹಣ ಹಾಕುವವರೂ ಹಿಂಜರಿಯುತ್ತಾರೆ.

ಸೃಷ್ಟಿಕರ್ತರ ವಾದ ಸರಳ. ಸಹಿ ಹಾಕುವಾಗ ಅವರ ಹತ್ತಿರ ಬೇರೆ ದಾರಿ ಇರಲಿಲ್ಲ. ಸಿನಿಮಾ, ಆಟಿಕೆ, ವಿಡಿಯೋ ಗೇಮ್ ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ. ಹಣದ ಲೆಕ್ಕದಲ್ಲಿ ಕೋರ್ಟುಗಳು ಕಾನೂನಿನ ಅಕ್ಷರಕ್ಕೆ ಕಟ್ಟುಬಿದ್ದಿವೆ, ಅದು ಒಪ್ಪಬೇಕಾದ ಮಾತು. ಹೆಸರು ಹಾಕುವುದಕ್ಕೆ ಏನು ಕಷ್ಟವಿತ್ತು? ಬ್ಯಾಟ್‌ಮ್ಯಾನ್‌ನ ವೇಷದಿಂದ ಹಿಡಿದು ಹುಟ್ಟಿನ ಕಥೆಯವರೆಗೆ ಕೈಯಾಡಿಸಿದ ಬಿಲ್ ಫಿಂಗರ್ 1974ರಲ್ಲೇ ತೀರಿಕೊಂಡರು. ಅವರ ಹೆಸರು ಅಧಿಕೃತವಾಗಿ ಬ್ಯಾಟ್‌ಮ್ಯಾನ್ ಜೊತೆ ಬಂದದ್ದು 2015ರಿಂದ ಈಚೆಗೆ.

ಇದರ ಪರಿಣಾಮ ನೋಡುಗರಿಗೂ ಇದೆ. ಕ್ಯಾಪ್ಟನ್ ಅಮೆರಿಕಾ ಕಥೆಗಳ ವಿಂಟರ್ ಸೋಲ್ಜರ್‌ನನ್ನು ರೂಪಿಸಿದ ಬರಹಗಾರ ಎಡ್ ಬ್ರೂಬೇಕರ್, ಆ ಪಾತ್ರಕ್ಕಿಂತ ಅದರ ಸಿನಿಮಾದಲ್ಲಿ ಮುಖ ತೋರಿಸಿದ್ದಕ್ಕೇ ತನಗೆ ಜಾಸ್ತಿ ದುಡ್ಡು ಬಂದಿದೆ ಎಂದು ಹೇಳಿಕೊಂಡಿದ್ದಾರೆ. ಇದನ್ನು ಕೇಳಿದ ಹೊಸ ಬರಹಗಾರ ಏನು ಮಾಡುತ್ತಾನೆ? ತನ್ನ ಒಳ್ಳೆಯ ಐಡಿಯಾವನ್ನು ಹಕ್ಕು ತನ್ನಲ್ಲೇ ಉಳಿಸಿಕೊಡುವ ಪ್ರಕಾಶಕರಿಗೆ ಕೊಡುತ್ತಾನೆ. ದೊಡ್ಡ ಕಂಪನಿಯ ಪುಸ್ತಕಕ್ಕೆ ಹಳೆಯ ಪಾತ್ರಗಳನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಾನೆ. ಸಿನಿಮಾದವರು ಹುಡುಕುವುದು ಆ ಪುಸ್ತಕಗಳನ್ನೇ. 1938ರಿಂದ 1960ರ ದಶಕದ ನಡುವೆ ಹುಟ್ಟಿದವರೇ ಮತ್ತೆ ಮತ್ತೆ ತೆರೆಗೆ ಬರುವುದಕ್ಕೆ ಇದೂ ಒಂದು ಕಾರಣ. ಹೊಸತನ ಇಲ್ಲ ಎಂದು ಗೊಣಗುವ ನಾವೂ ಹಳೆಯ ಹೆಸರಿಗೇ ಟಿಕೆಟ್ ಕೊಳ್ಳುತ್ತೇವೆ, ಅದೂ ನಿಜ.

2034ರ ಜನವರಿ 1

ಅಮೆರಿಕದಲ್ಲಿ ಆ ಕಾಲದ ಕೃತಿಗಳಿಗೆ 95 ವರ್ಷದ ಕಾಪಿರೈಟ್. 2033 ಮುಗಿದ ಕೂಡಲೇ ಸೂಪರ್‌ಮ್ಯಾನ್‌ನ ಮೊದಲ ಕಥೆ ಎಲ್ಲರ ಸ್ವತ್ತಾಗುತ್ತದೆ. ಮರುವರ್ಷ ಬ್ಯಾಟ್‌ಮ್ಯಾನ್. ಮಿಕ್ಕಿ ಮೌಸ್‌ನ ಮೊದಲ ರೂಪ 2024ರಲ್ಲೇ ಮುಕ್ತವಾಗಿದೆ. ದೇಶಕ್ಕೊಂದು ಲೆಕ್ಕ ಅನ್ನೋದು ಇಲ್ಲೂ ಇದೆ: ಟಿನ್‌ಟಿನ್‌ನ ಮೊದಲ ಕಥೆ ಅಮೆರಿಕದಲ್ಲಿ 2025ರಲ್ಲಿ ಮುಕ್ತವಾಯಿತು, ಆದರೆ ಅದರ ಸೃಷ್ಟಿಕರ್ತ ಎರ್ಜೆ ಸತ್ತದ್ದು 1983ರಲ್ಲಿ ಆದ್ದರಿಂದ ಯುರೋಪಿನಲ್ಲಿ 2053 ಮುಗಿಯುವ ತನಕ ಕಾಯಬೇಕು.

ಆಗ ಒಳ್ಳೆಯ ಸಿನಿಮಾಗಳ ಸುಗ್ಗಿ ಬರುತ್ತದೆ ಅಂತ ನಾನು ನಂಬುವುದಿಲ್ಲ. ವಿನ್ನಿ ದ ಪೂಹ್ 2022ರಲ್ಲಿ ಮುಕ್ತವಾಯಿತು, 2023ರಲ್ಲೇ ಅದರದ್ದೊಂದು ಅಗ್ಗದ ಹಾರರ್ ಸಿನಿಮಾ ಬಂತು. ಮೊದಲ ಅಲೆ ಅಂಥದ್ದೇ. ಹೆಸರು, ಎದೆಯ ಮೇಲಿನ ಲಾಂಛನಗಳ ಟ್ರೇಡ್‌ಮಾರ್ಕ್ ಹಿಡಿದು ಡಿಸಿ ಕೋರ್ಟಿನಲ್ಲಿ ಎಷ್ಟು ದೂರ ಎಳೆಯಬಲ್ಲದು ಅನ್ನೋದರ ಮೇಲೆ ಎರಡನೇ ಅಲೆ ನಿಂತಿದೆ. ಅಷ್ಟರೊಳಗೆ ತನ್ನ ಸೂಪರ್‌ಮ್ಯಾನ್ ಬೇರೆಯೇ ಅನ್ನಿಸುವ ಹಾಗೆ ಮಾಡಿಕೊಳ್ಳುವುದು ಸ್ಟುಡಿಯೋಗೆ ಲಾಭ. 2027ರ ಜುಲೈಗೆ ಮುಂದಿನ ಭಾಗ ಘೋಷಿಸಿದ್ದಾರೆ, ಅಲ್ಲಿಗೆ ನಿಲ್ಲುವ ಲಕ್ಷಣ ಇಲ್ಲ.

ಮುಕ್ತವಾಗುವುದು ಮೊದಲ ಪುಸ್ತಕದಲ್ಲಿ ಇರುವಷ್ಟು ಮಾತ್ರ. ಅದರಲ್ಲಿ ವರದಿಗಾರ್ತಿ ಲೋಯಿಸ್ ಲೇನ್ ಇದ್ದಾಳೆ. ಖಳನಾಯಕ ಲೆಕ್ಸ್ ಲೂಥರ್ ಇಲ್ಲ, ಸೂಪರ್‌ಮ್ಯಾನ್‌ನ ಬಲ ಉಡುಗಿಸುವ ಕ್ರಿಪ್ಟೋನೈಟ್ ಇಲ್ಲ. ಅವನು ಕ್ಲಾರ್ಕ್ ಎಂಬ ಮಾಮೂಲಿ ಮನುಷ್ಯನ ಸೋಗಿನಲ್ಲಿ ಕೆಲಸ ಮಾಡುವ ಪತ್ರಿಕೆ ಡೈಲಿ ಪ್ಲಾನೆಟ್ ಕೂಡ ಅಲ್ಲ, ಡೈಲಿ ಸ್ಟಾರ್. ಆ ಸೂಪರ್‌ಮ್ಯಾನ್‌ಗೆ ಹಾರಲು ಬರುವುದಿಲ್ಲ. ಒಂದು ನೆಗೆತಕ್ಕೆ ಇಪ್ಪತ್ತು ಮಹಡಿ ದಾಟುತ್ತಾನೆ, ಒಂದು ಮೈಲಿಯ ಎಂಟನೇ ಒಂದು ಭಾಗ ಹೋಗಿ ಬೀಳುತ್ತಾನೆ. ಅವನನ್ನು ಹಾರಿಸಬೇಕೆಂದರೆ ಬೇರೆಯವರು ಇನ್ನೂ ಕೆಲವು ವರ್ಷ ಕಾಯಬೇಕು, ಇಲ್ಲವೇ ಡಿಸಿಯ ವಕೀಲರನ್ನು ಎದುರಿಸಬೇಕು.